ಸೋಮವಾರ ತಳ್ಳಿದ ಗಾಡಿ

ಹೋದ ವರ್ಷ ಕಾರ್ತಿಕದ ಎರಡನೇ ಸೋಮವಾರ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಗುಂಡ್ಲುಪೇಟೆಯ ಹೊರಗೆ ಊಟಿ ರಸ್ತೆಯ ಎಡಕ್ಕಿರುವ ಒಂದು ತಗಡಿನ ಗೇಟಿನ ಒಳಗೆ ನಾನು ನಿಂತಿದ್ದೆ. ಬೆನ್ನಿಗೆ ಗೇಟು, ಎದುರಿಗೆ ನನ್ನ ಗೂಡ್ಸ್ ಗಾಡಿ. ನಡುವೆ ಹತ್ತು ಮಾರು ನೆಲ, ಗೇಟಿನ ಕಡೆಗೆ ಸ್ವಲ್ಪ ಏರು.

ಅದು ಪೊಲೀಸರಿಗೆ ಸಿಕ್ಕ ವಾಹನಗಳನ್ನು ನಿಲ್ಲಿಸುವ ಖಾಸಗಿ ಜಾಗ. ಅಪಘಾತವಾದವು, ಕಾಗದಪತ್ರ ಇಲ್ಲದವು, ಕಳುವಾಗಿ ಸಿಕ್ಕವು, ಎಲ್ಲವೂ ಒಂದೇ ಸಾಲಿನಲ್ಲಿ ದೂಳು ಹಿಡಿಯುತ್ತಿದ್ದವು. ನಿಂತ ಪ್ರತಿ ದಿನಕ್ಕೂ ಬಾಡಿಗೆ. ತಪ್ಪು ಮಾಡಿದವನ ಗಾಡಿಗೂ ಕಳೆದುಕೊಂಡವನ ಗಾಡಿಗೂ ಬಾಡಿಗೆ ಒಂದೇ.

ನನ್ನದು ಕಳುವಾದ ಗಾಡಿ. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಿನ ಊರು ನಮ್ಮದು. ಸುತ್ತಿನ ಹೊಲಗಳ ಚೆಂಡುಹೂವು, ಟೊಮೆಟೊ ತುಂಬಿಕೊಂಡು ಮಾರುಕಟ್ಟೆಗೆ ಹಾಕುವುದು ನನ್ನ ಕೆಲಸ. ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅದು ಬಸವಣ್ಣನಿಗೆ ಬಿಟ್ಟ ದಿನ. ಕೊನೆಯ ಜೋಡಿ ಮಾರಿ ಈ ಗಾಡಿ ತಂದಾಗ ಅಪ್ಪ ಅದರ ಮುಖಕ್ಕೆ ವಿಭೂತಿ ಬಳಿದು, "ಇದೂ ನಮ್ಗೆ ದುಡ್ಯೋದೇ ಕಣ್ಲಾ. ಇದ್ಕೂ ಸೋಮ್ವಾರ ಬುಟ್ಬುಡು" ಎಂದರು. ಅಪ್ಪ ಈಗಿಲ್ಲ. ಹೆಂಡತಿ ಅವರಿಗಿಂತ ಮುಂಚೆಯೇ ಹೋದಳು. ಮನೆಯಲ್ಲಿ ನನಗೆ ಹೀಗೆ ಮಾಡು, ಹಾಗೆ ಮಾಡಬೇಡ ಎನ್ನುವವರು ಯಾರೂ ಉಳಿದಿಲ್ಲ. ಹಾಗಾಗಿ ಹೇಳಿಹೋದ ಆ ಒಂದು ಮಾತನ್ನು ಬಿಡದೆ ನಡೆಸಿಕೊಂಡು ಬಂದಿದ್ದೆ. ಸೋಮವಾರ ನಾನು ಗಾಡಿಯ ಹತ್ತಿರಕ್ಕೂ ಹೋಗುತ್ತಿರಲಿಲ್ಲ.

ಕದ್ದವನಿಗೆ ಅದು ಗೊತ್ತಿತ್ತು ಎಂದು ನನ್ನ ನಂಬಿಕೆ. ಒಂದು ಭಾನುವಾರ ರಾತ್ರಿ ನಾನು ಉಂಡು ಮಲಗಿದ ಮೇಲೆ, ಬೀದಿಯ ಕೊನೆಯ ಹುಣಸೆ ಮರದಡಿಯಿಂದ ಗಾಡಿ ಹೋಯಿತು. ಕೇರಳದ ಕಡೆಗೆ ದಾಟಿಸಲು ಹೊರಟವನು ರಾತ್ರಿ ಸಂಚಾರ ನಿಲ್ಲಿಸಲು ಬಂಡೀಪುರ ಕಾಡಿನ ಗೇಟು ಹಾಕಿದ ಮೇಲೆ ಅಲ್ಲಿಗೆ ಮುಟ್ಟಿರಬೇಕು. ಕಾಯುವ ಲಾರಿಗಳ ಹಿಂದೆ ಗಾಡಿ ನಿಲ್ಲಿಸಿ ಇಳಿದು ಹೋಗಿದ್ದ. ಬೆಳಿಗ್ಗೆ ಲಾರಿಗಳೆಲ್ಲ ಹೋದ ಮೇಲೂ ಅದೊಂದೇ ನಿಂತಿದ್ದುದನ್ನು ಕಂಡು ಗೇಟಿನವರು ಪೊಲೀಸರಿಗೆ ತಿಳಿಸಿದರು. ಕ್ರೇನು ಬಂದು ಎತ್ತಿಕೊಂಡು ಹೋಯಿತು. ಅಷ್ಟು ಹೊತ್ತೂ ನಾನು ಮನೆಯ ಜಗಲಿಯ ಮೇಲೆ ಕೂತಿದ್ದೆ. ಗಾಡಿ ಇಲ್ಲ ಎಂದು ಗೊತ್ತಾದದ್ದು ಮಂಗಳವಾರ ಬೆಳಿಗ್ಗೆ.

ಬಿಡಿಸಿಕೊಳ್ಳಲು ಕೋರ್ಟಿನ ಆದೇಶ ಬೇಕು, ಅದಕ್ಕೆ ಜಾಮೀನು ಬೇಕು ಎಂದರು. ನಮ್ಮ ಬೀದಿಯಲ್ಲಿ ಜಮೀನಿನ ಪಹಣಿ ಇರುವವರು ಬೇಕಾದಷ್ಟು ಮಂದಿ. ಆದರೆ ನನ್ನ ಸೋಮವಾರ ಗೊತ್ತಿದ್ದವರೂ ಅವರೇ. ಯಾರ ಮುಖ ನೋಡಿದರೂ ನನಗೆ ಅದೇ ಯೋಚನೆ. ಟೀ ಅಂಗಡಿಗೆ ಹೋಗುವುದು ಬಿಟ್ಟೆ. ಕೊನೆಗೆ ಚಾಮರಾಜನಗರಕ್ಕೆ ಹೋಗಿ, ಬದನಗುಪ್ಪೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಭಾಮೈದನನ್ನು ಕೇಳಿದೆ. ಅಕ್ಕ ಹೋದ ಮೇಲೆ ನಮ್ಮ ಮನೆಗೆ ಬರದವನು, ಬಂದು ರುಜು ಹಾಕಿದ. ಹಾಕಿ, ಟೀ ಕೂಡ ಕುಡಿಯದೆ ಬಸ್ಸು ಹತ್ತಿದ. ಹೀಗೆ ಎರಡೂವರೆ ತಿಂಗಳಾಯಿತು. ಹೂವಿನ ಕಾಲ ಕಳೆದುಹೋಯಿತು.

ಆದೇಶ ಕೈಗೆ ಬಂದದ್ದು ಆ ಸೋಮವಾರ.

ಜೇಬಿನಲ್ಲಿದ್ದುದು ಕ್ರೇನಿಗೆ, ಅಂದಿನವರೆಗಿನ ಬಾಡಿಗೆಗೆ ಸರಿಹೋಯಿತು. ಇನ್ನೊಂದು ದಿನದ್ದಕ್ಕೆ ಬೀದಿಯವರ ಮುಂದೆಯೇ ಕೈ ಒಡ್ಡಬೇಕಿತ್ತು. ಜಾಗದ ಯಜಮಾನ ಬ್ಯಾಟರಿ ತಂತಿ ಹಾಕಿ ನನ್ನ ಕೀ ಇಸಿದುಕೊಂಡು, ಬಾಗಿಲಲ್ಲಿ ನಿಂತೇ ಒಮ್ಮೆ ಸ್ಟಾರ್ಟ್ ಮಾಡಿ, ಆರಿಸಿ, ಕೀ ವಾಪಸು ಕೊಟ್ಟ. ನಾನು ನಿಂತೇ ಇದ್ದೆ.

"ಯಾಕಣ್ಣೋ? ತಕ್ಕೊಂಡೋಗಿ."

"ಇವತ್ತು ಸೋಮ್ವಾರ. ಸೋಮ್ವಾರ ನಾವು ಗಾಡಿ ಹೂಡಲ್ಲ."

ಅವನು ನಕ್ಕ. "ಎತ್ಗೆ ಸೋಮ್ವಾರ ಬುಡೋದು ಕಂಡಿನಿ. ಡೀಸೆಲ್‌ಗೂ ಬುಡ್ತರಾ? ಉಲ್ಲು ಆಕ್ಲಾ? ಆಯ್ತು ಬುಡಿ, ನಾಳೆ ಬನ್ನಿ. ನಿಮ್ ಬಸಪ್ಪನ್ಗೆ ಇನ್ನೊಂದಿನ ಕೊಟ್ಗೆ ಬಾಡ್ಗೆ, ಅಷ್ಟೆಯಾ."

ಸಾಲಿನ ಕೊನೆಯಲ್ಲಿ ಒಬ್ಬ ಹೆಂಗಸು ಒಂದು ಸ್ಕೂಟರಿನ ಸೀಟು ಒರೆಸುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವವಳು. ಆಸ್ಪತ್ರೆಯ ಮುಂದೆ ಕಳುವಾದ ಅವಳ ಸ್ಕೂಟರು ಸಿಕ್ಕಿತ್ತು, ಆದೇಶ ಇನ್ನೂ ಬಂದಿರಲಿಲ್ಲ. ವಾರಕ್ಕೊಮ್ಮೆ ಬಂದು ಒರೆಸಿ ಹೋಗುತ್ತಿದ್ದಳು. ಅವಳು ಬಟ್ಟೆ ಕೊಡವಿಕೊಂಡು ಹತ್ತಿರ ಬಂದಳು.

"ತಳ್ಳುದ್ರೆ ದೋಸ ಇಲ್ವಲ್ಲಣ್ಣ?"

ನಾನು ಯೋಚಿಸಿದೆ. ತಳ್ಳಬೇಡ ಎಂದು ಅಪ್ಪ ಹೇಳಿರಲಿಲ್ಲ.

"ಗೇಟಿಂದಾಚ್ಗೆ ಓದ್ರೆ ಬಾಡ್ಗೆ ಇಲ್ಲ ತಾನೆ?" ಎಂದು ಅವಳು ಯಜಮಾನನನ್ನು ಕೇಳಿದಳು.

"ಆಚ್ಗೆ ಓದ್ರೆ ನಿಮ್ ಗಾಡಿ, ನಿಮ್ ರೋಡು. ತಳ್ಳಮ್ಮ, ಎಲ್ಲಿಗಂಟ ತಳ್ಳೀಯೆ ನೋಡನ."

ನಾನು ಕೀ ಹಾಕಿ ಸ್ಟಿಯರಿಂಗ್ ಮಾತ್ರ ಬಿಡಿಸಿದೆ. ಬಾಗಿಲು ತೆರೆದು, ಒಂದು ಕೈ ಸ್ಟಿಯರಿಂಗಿನ ಮೇಲಿಟ್ಟು, ಹೆಗಲು ಕೊಟ್ಟೆ. ಅವಳು ಹಿಂದಿನಿಂದ ತಳ್ಳಿದಳು. ನಾಲ್ಕು ಮಾರು ಬಂದಿತು. ಏರಿನಲ್ಲಿ ನಿಂತು, ಹಿಂದಕ್ಕೆ ಜಾರತೊಡಗಿತು. "ಅಣ್ಣೋ!" ಎಂದು ಅವಳು ಕೂಗಿದಳು. ಬೇಲಿಯ ಹತ್ತಿರ ಬೀಡಿ ಸೇದುತ್ತಿದ್ದ ಮುದುಕ ಕಾವಲುಗಾರ ಓಡಿಬಂದು ಚಕ್ರಕ್ಕೆ ಕಲ್ಲು ಕೊಟ್ಟ. ಆಮೇಲೆ ಅವನೂ ಉಳಿದ. ನಾವು ತಳ್ಳುವುದು, ಅವನು ಕಲ್ಲು ಸರಿಸುವುದು. ಮತ್ತೆ ತಳ್ಳುವುದು, ಕಲ್ಲು. ಯಜಮಾನ ಬಾಯಿತುಂಬ ತಮಾಷೆ ಮಾಡುತ್ತಲೇ ಇದ್ದ. ಗೇಟಿಗೆ ಬಂದಾಗ ಒಂದೇ ಬಾಗಿಲು ತೆರೆದಿತ್ತು. ಇನ್ನೊಂದನ್ನು ಅವನೇ ತೆಗೆದ.

ರಸ್ತೆ ಬದಿಯ ಬೇವಿನ ಮರದಡಿಗೆ ಗಾಡಿ ಮುಟ್ಟಿಸಿ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಂದನ್ನೂ ಇಂಗೇ ತಳ್ಳಕ್ಕೆ ಬಂದ್ಬುಡಣ್ಣ" ಎಂದು ನಕ್ಕು, ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು. ಮುದುಕ ಕಲ್ಲನ್ನು ಚಕ್ರದಡಿಯೇ ಬಿಟ್ಟು ಒಳಗೆ ಹೋದ.

ಮಂಗಳವಾರ ಸೂರ್ಯ ಹುಟ್ಟುವವರೆಗೆ ನಾನು ಗಾಡಿಯಲ್ಲೇ ಕೂತಿದ್ದೆ. ಕೂರಲು ಹೋದಾಗ ಮೊಣಕಾಲು ಸ್ಟಿಯರಿಂಗಿಗೆ ತಾಗಿತು. ಸೀಟು ಮುಂದಕ್ಕೆ ಸರಿದಿತ್ತು. ಕ್ರೇನಿನಲ್ಲಿ ಬಂದ ಗಾಡಿ; ಕದ್ದವನ ನಂತರ ಅದನ್ನು ಯಾರೂ ಓಡಿಸಿರಲಿಲ್ಲ. ಅಂದರೆ ಅವನು ನನಗಿಂತ ಗಿಡ್ಡ. ನಮ್ಮ ಬೀದಿಯ ಗಿಡ್ಡ ಗಂಡಸರೆಲ್ಲ ಒಬ್ಬೊಬ್ಬರಾಗಿ ನೆನಪಿಗೆ ಬಂದರು. ಅವರಲ್ಲಿ ಇಬ್ಬರು ನನ್ನ ಅಪ್ಪನ ಚಟ್ಟಕ್ಕೆ ಹೆಗಲು ಕೊಟ್ಟವರು. ಸೀಟನ್ನು ಹಿಂದಕ್ಕೆ ಸರಿಸಿದೆ. ಆದರೆ ಈಗಲೂ ಯಾರಾದರೂ ಎದುರಿಗೆ ಬಂದರೆ ನನ್ನ ಕಣ್ಣು ಮೊದಲು ಅವರ ಎತ್ತರ ಅಳೆಯುತ್ತದೆ. ಟೀ ಅಂಗಡಿಗೆ ನಾನು ಇನ್ನೂ ಹೋಗಿಲ್ಲ.

ಸೋಮವಾರ ಈಗಲೂ ಗಾಡಿ ಹೂಡುವುದಿಲ್ಲ. ಬೆಳಿಗ್ಗೆ ಎದ್ದು ಅದು ಇದೆಯೇ ಎಂದು ಮಾತ್ರ ನೋಡಿ ಬರುತ್ತೇನೆ.

ಆ ದಿನ ನಾನು ಎಂಜಿನ್ ಸ್ಟಾರ್ಟ್ ಮಾಡಲಿಲ್ಲ ಎಂಬುದನ್ನು ಕಂಡವರು ಮೂವರು. ಕಲ್ಲು ಕೊಟ್ಟ ಮುದುಕ ಮುಂಗಾರಿಗೆ ಮೊದಲೇ ತೀರಿಕೊಂಡ. ಜಾಗದ ಯಜಮಾನ ಬದುಕಿದ್ದಾನೆ, ಕೇಳಿದರೆ ನಗುತ್ತಾ ಹೇಳುತ್ತಾನೆ. ಹೂ ಮಾರುವವಳೂ ಇದ್ದಾಳೆ. ಅವಳ ಸ್ಕೂಟರು ಇನ್ನೂ ಆ ಗೇಟಿನ ಒಳಗೇ ಇದೆ.