ಹೊಳೆಗೆ ತೆರೆದ ಕೊಟ್ಟಿಗೆ

ಯಾವುದೇ ಕಟ್ಟಡಕ್ಕೆ ‘ಐತಿಹಾಸಿಕ’ ಎಂಬ ವಿಶೇಷಣ ಪ್ರಾಪ್ತವಾದ ಮರುಕ್ಷಣವೇ ಅದಕ್ಕೊಂದು ಬೀಗವೂ ಪ್ರಾಪ್ತವಾಗುವುದನ್ನು ನೀವೂ ಗಮನಿಸಿರಬಹುದು. ಮನುಷ್ಯರಾದರೋ ವಯಸ್ಸಾದ ಮೇಲೆ ನನ್ನ ಹಾಗೆ ಕರೆದಲ್ಲೆಲ್ಲ ಹೋಗಿ ಭಾಷಣ ಬಿಗಿಯುತ್ತಾರೆ; ಕಟ್ಟಡಗಳಿಗೆ ಆ ಭಾಗ್ಯವಿಲ್ಲ.

ಹೊನ್ನಾಳಿಯಿಂದ ತುಸು ದೂರದಲ್ಲಿ, ತುಂಗಭದ್ರೆಯ ದಂಡೆಯ ಮೇಲಿರುವ ನಮ್ಮೂರಿನ ಕಲ್ಲಿನ ಕೊಟ್ಟಿಗೆಗೆ ಮೂರೇ ಗೋಡೆ. ನಾಲ್ಕನೆಯ ಬದಿ ಹೊಳೆಗೆ ತೆರೆದುಕೊಂಡಿದ್ದು, ಅಲ್ಲಿಂದ ಕಲ್ಲುಹಾಸಿನ ಇಳಿಜಾರು ನೀರಿನವರೆಗೂ ಹೋಗುತ್ತದೆ. ಊರಿನ ಎಮ್ಮೆಗಳು ಎದುರಿನ ನಡುಗಡ್ಡೆಗಳಿಗೆ ತಾವಾಗಿ ಮೇಯಲು ಹೋಗುತ್ತವೆ. ಹೊಳೆ ಏರಿದರೆ ಯಾರೂ ಕೂಗದೆಯೇ ಈಜಿಕೊಂಡು ನೇರ ಕೊಟ್ಟಿಗೆಗೆ ಬರುತ್ತವೆ. ಬೇರೆಲ್ಲ ಕಡೆ ದಂಡೆ ಕಡಿದಾಗಿರುವುದರಿಂದ ಅವು ಹತ್ತಲಾರವು.

ಕಳೆದ ವರ್ಷ ಸಿಮೆಂಟ್ ಅಂಗಡಿಯ ರುದ್ರಪ್ಪನವರ ಅಧ್ಯಕ್ಷತೆಯಲ್ಲಿ ಕೊಟ್ಟಿಗೆ ಸಂರಕ್ಷಣಾ ಸಮಿತಿ ಹುಟ್ಟಿತು. ಫೋಟೊಗೆಂದು ಬರುವವರು ಗೋಡೆಯ ಮೇಲೆ ಹೆಸರು ಗೀಚುತ್ತಾರೆಂದು ತೆರೆದ ಬದಿಗೆ ಕಬ್ಬಿಣದ ಗ್ರಿಲ್ ಬಂತು, ಗ್ರಿಲ್ಲಿಗೆ ಬೀಗ ಬಂತು, ಉದ್ಘಾಟನೆಗೆ ನಾನು ಬಂದೆ. ಎಮ್ಮೆಗಳು ಬರುವ ಸಂಜೆಯ ಹೊತ್ತಿಗೆ ಬೀಗ ತೆಗೆಯುವುದೆಂದು ತೀರ್ಮಾನವಾಯಿತು. ಹೊಳೆಗೆ ಈ ತೀರ್ಮಾನ ತಿಳಿಸಿದವರಿಲ್ಲ.

ಈ ಮುಂಗಾರಿನಲ್ಲಿ, ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟ ಒಂದು ಮಧ್ಯಾಹ್ನ, ಎಮ್ಮೆಗಳೆಲ್ಲ ಬಂದು ಗ್ರಿಲ್ಲಿಗೆ ಮೂತಿ ಒತ್ತಿ ಕತ್ತುಮಟ್ಟದ ನೀರಿನಲ್ಲಿ ನಿಂತವು. ಎಲ್ಲಕ್ಕಿಂತ ಹಿಂದೆ ನಮ್ಮ ನೆರೆಮನೆಯ ಗೌರಕ್ಕನ ತುಂಬು ಗಬ್ಬದ ಎಮ್ಮೆ. ಗಂಡನಿಲ್ಲದ ಆಕೆಯ ಮನೆ ನಡೆಯುವುದೇ ಅದರ ಹಾಲಿನಿಂದ. ಊರ ಕಡೆಯ ಗೋಡೆಗಿರುವ ಹಿಂಬಾಗಿಲಿನಿಂದ ಓಡಿಬಂದ ರುದ್ರಪ್ಪನವರು ಬೀಗದ ಕೈಗೆ ಕಾಯದೆ ಸುತ್ತಿಗೆಯಿಂದಲೇ ಬೀಗ ಒಡೆದರು. ಎಮ್ಮೆಗಳು ಒಳಕ್ಕೆ ನುಗ್ಗಿದವು. ಸದ್ದಿಗೆ ಬೆದರಿದ ಗೌರಕ್ಕನದು ಮಾತ್ರ ಹೊಳೆಯ ನಡುವಿಗೆ ತಿರುಗಿಬಿಟ್ಟಿತು.

ನನ್ನ ಜೊತೆ ಓಡಿಬಂದಿದ್ದ ಗೌರಕ್ಕ ಸೀರೆ ಎತ್ತಿಕಟ್ಟಿ ನೀರಿಗಿಳಿದು ಎಮ್ಮೆಯನ್ನು ಕರೆಯತೊಡಗಿದಳು. ರುದ್ರಪ್ಪನವರು ಒಂದು ಕೈಯಲ್ಲಿ ಅವಳ ರಟ್ಟೆ, ಇನ್ನೊಂದರಲ್ಲಿ ತಮ್ಮದೇ ಗ್ರಿಲ್ ಹಿಡಿದು ನಿಂತರು. ನನ್ನ ಬಾಯೇ ಕಟ್ಟಿಹೋಯಿತು. ಭಾಷಣಕಾರನೊಬ್ಬ ಊರಿಗೆ ಅಷ್ಟಾದರೂ ಉಪಕಾರ ಮಾಡಿದ. ಕೊನೆಗೂ ಎಮ್ಮೆ ಅವಳ ದನಿಗೆ ತಿರುಗಿ, ಏದುಸಿರು ಬಿಡುತ್ತ ಮೇಲೆ ಬಂತು.

ರುದ್ರಪ್ಪನವರು ಹೆಗಲ ಟವೆಲ್ಲಿನಿಂದ ಅದರ ಬೆನ್ನು ಒರೆಸುತ್ತ, ಗ್ರಿಲ್ಲನ್ನು ನಾಳೆಯೇ ಕೀಳಿಸುತ್ತೇನೆಂದರು. ಗೌರಕ್ಕನಿಗೆ ಅದು ಕೇಳಿಸಿದಂತಿರಲಿಲ್ಲ.

“ಬೆನ್ನು ಬಿಡ್ರಿ. ಹೊಟ್ಟೆ ಮುಟ್ಟಿ, ಜೀವ ಐತೋ ಇಲ್ಲೋ ಹೇಳ್ರಿ. ನನಗೆ ಮುಟ್ಟಾಕೆ ಧೈರ್ಯ ಇಲ್ಲ,” ಎಂದಳು.

ಅವರು ಮಂಡಿಯೂರಿ ಅಂಗೈ ಇಟ್ಟರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ ಕರು ಒದೆಯಿತು. ರುದ್ರಪ್ಪನವರು ತಲೆಯಾಡಿಸಿದರು, ಕೈ ಮಾತ್ರ ತೆಗೆಯಲೇ ಇಲ್ಲ.