ಹೆಸರಿಲ್ಲದ ದನಿಗೆ ಒಂದು ಉತ್ತರ

ನಮ್ಮ ಮನೆಯಲ್ಲಿ ಅವ್ವ ಕನ್ನಡದಲ್ಲಿ ಕೇಳುತ್ತಾಳೆ, ನಾನು ಮರಾಠಿಯಲ್ಲಿ ಉತ್ತರಿಸುತ್ತೇನೆ. ರೊಟ್ಟಿ ಬಡಿಯುತ್ತ ಅವಳು ‘ಉಣ್ತಿಯೇನವ್ವ’ ಅನ್ನುವುದು, ನಾನು ಪುಸ್ತಕದಿಂದ ತಲೆಯೆತ್ತದೆ ‘ನಂತರ್’ ಅನ್ನುವುದು ನಿಮಗೆ ವಿಚಿತ್ರವೆನಿಸಬಹುದು, ನಮಗೆ ರೂಢಿ. ಬ್ಯಾಂಕಿನ ವರ್ಗಾವಣೆಯ ಮೇಲೆ ಅಪ್ಪ ಕಲಬುರಗಿಯಿಂದ ನಾಸಿಕಕ್ಕೆ ಬಂದಾಗ ನಾನು ಕಂಕುಳ ಕೂಸು. ಕನ್ನಡ ನನ್ನ ಕಿವಿಯವರೆಗೆ ಬಂದು ನಿಂತಿತು, ನಾಲಗೆಗೆ ಇಳಿಯಲಿಲ್ಲ. ಗೆಳತಿಯರ ನಡುವೆ ಇದ್ದಾಗ ಅವ್ವನ ಫೋನು ಬಂದರೆ ಎದ್ದು ದೂರ ಹೋಗುತ್ತಿದ್ದೆ ಎಂಬುದನ್ನೂ ನಿಮ್ಮಿಂದ ಮುಚ್ಚಿಡಲಾರೆ.

ಎಂ.ಎ. ಎರಡನೇ ವರ್ಷದಲ್ಲಿ ವಸಾಹತೋತ್ತರ ಅಧ್ಯಯನವೆಂಬ ಪತ್ರಿಕೆಯಿತ್ತು, ಕಲಿಸುವವರಿರಲಿಲ್ಲ. ಅದಕ್ಕಾಗಿ ಛತ್ರಪತಿ ಸಂಭಾಜಿನಗರದಿಂದ ಅತಿಥಿ ಉಪನ್ಯಾಸಕಿಯೊಬ್ಬರು ಪ್ರತಿ ಶನಿವಾರ ಬೆಳಗಿನ ಬಸ್ಸು ಹಿಡಿದು, ಯೇವಲಾ ದಾಟಿ, ಸೀರೆಯ ಮೇಲೆಲ್ಲ ದಾರಿಯ ಧೂಳು ಹೊತ್ತು ಬರುತ್ತಿದ್ದರು. ಮೊದಲ ದಿನ ಅವರು ಪುಸ್ತಕ ತೆರೆಯಲಿಲ್ಲ. ಆಳಲು ಬಂದವರು ನೆಲ ಅಳೆದ ಮೇಲೆ ನಾಲಗೆಯನ್ನೂ ಅಳೆದರು ಎಂದಷ್ಟೇ ಹೇಳಿ, ಆ ಕಾಲದ ಬ್ರಿಟಿಷ್ ಅಧಿಕಾರಿಯೊಬ್ಬ ಮಾಡಿಸಿದ ಧ್ವನಿಮುದ್ರಿಕೆಗಳನ್ನು ಲ್ಯಾಪ್‌ಟಾಪಿನಲ್ಲಿ ಹಚ್ಚಿದರು. ಸೀಮೆ ಸೀಮೆಯ ಜನರನ್ನು ಕೂಡಿಸಿಕೊಂಡು, ಒಂದೇ ಕಥೆಯನ್ನು ಅವರವರ ಭಾಷೆಯಲ್ಲಿ ಹೇಳಿಸಿದ್ದ ಮುದ್ರಿಕೆಗಳು ಅವು. ಪಟ್ಟಿಯಲ್ಲಿ ಭಾಷೆ, ಜಿಲ್ಲೆ, ವಯಸ್ಸು ಇದ್ದವು. ಹೆಸರಿರಲಿಲ್ಲ.

ಮೂರನೆಯದು ಕನ್ನಡ. ಸವೆದ ಗ್ರಾಮಾಫೋನ್ ತಟ್ಟೆಯ ಸರಸರದ ಹಿಂದಿನಿಂದ ವಯಸ್ಸಾದ ಗಂಡಸೊಬ್ಬನ ದನಿ ಬಾಯಿಪಾಠ ಒಪ್ಪಿಸುವಂತೆ ಕಥೆ ಹೇಳಿ ಮುಗಿಸಿತು. ಒಂದು ಗಳಿಗೆ ಬಿಟ್ಟು, ತಗ್ಗಿ, ಇನ್ನೇನೋ ಅಂದಿತು.

“ಕೊನೆಯದು ಬರೀ ಗದ್ದಲ. ಪಟ್ಟಿಯಲ್ಲೂ ಹಾಗೇ ಬರೆದಿದ್ದಾರೆ” ಎಂದರು ಮ್ಯಾಡಮ್.

“ಗದ್ದಲ ಅಲ್ಲ ಮ್ಯಾಡಮ್,” ಎಂದೆ. “‘ಮುಗೀತೇನ್ರಿ? ನಾ ಇನ್ನ ಮನಿಗಿ ಹೋಗ್ಲೇನ್ರಿ?’ ಅಂತ ಕೇಳುತ್ತಿದ್ದಾರೆ.”

ಇಡೀ ತರಗತಿ ನನ್ನತ್ತ ತಿರುಗಿತು. ನನಗೆ ಕನ್ನಡ ಬರುತ್ತದೆಂದು ಅವರಿಗೆ ತಿಳಿದದ್ದು ಅಂದೇ.

ಮುದ್ರಿಕೆಯನ್ನು ಮೊಬೈಲಿಗೆ ಹಾಕಿಸಿಕೊಂಡು ಹೋಗಿ ಅವ್ವನಿಗೆ ಕೇಳಿಸಿದೆ. ಅವಳು ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ನಿಂತು ಕೇಳಿದಳು. ನಾನು ಎರಡನೇ ಸಲ ಹಚ್ಚಿದೆ, ಮೂರನೇ ಸಲ ಹಚ್ಚಹೋದೆ.

“ಬಂದ್ ಮಾಡವ್ವ ಅದು,” ಎಂದಳು. “ಪಾಪ, ಅಷ್ಟು ಸಲ ಕೇಳ್ಲಾಕತ್ತಾರ, ಯಾರೂ ಏನೂ ಅನ್ನವಲ್ರು.”

ಪರೀಕ್ಷೆಗೆಂದು ಮುಂದೆ ನಾನು ಓದಿದ ದಪ್ಪ ಪುಸ್ತಕಗಳೆಲ್ಲ ಈ ಮಾತಿನ ಸುತ್ತಲೇ ತಿರುಗುತ್ತಿದ್ದವು. ಪ್ರಶ್ನೆಯೊಂದು ಗದ್ದಲವೆಂದು ದಾಖಲಾಗಲು ಆಲಿಸುವವನಿಗೆ ಕಿವಿ ಇಲ್ಲದಿರಬೇಕೆಂದೇನಿಲ್ಲ. ಉತ್ತರಿಸುವ ಅಗತ್ಯ ಕಾಣದಿದ್ದರೆ ಸಾಕು.

ದೀಪಾವಳಿ ರಜೆಯಲ್ಲಿ ಮ್ಯಾಡಮ್ ನನ್ನನ್ನು ಸಂಭಾಜಿನಗರಕ್ಕೆ ಕರೆಸಿದರು. ಪಟ್ಟಿಯಲ್ಲಿ ಅದೇ ಜಿಲ್ಲೆ, ಅದೇ ವಯಸ್ಸು ಇದ್ದ, ಅದೇ ಮನುಷ್ಯನದೆನಿಸುವ ಇನ್ನೊಂದು ಮುದ್ರಿಕೆ ಅವರಿಗೆ ಸಿಕ್ಕಿತ್ತು. ರಜೆಗೆ ಬಿಕೋ ಎನ್ನುತ್ತಿದ್ದ ವಿಭಾಗದ ಕೋಣೆಯಲ್ಲಿ, ಮಟಮಟ ಮಧ್ಯಾಹ್ನ, ಹೆಡ್‌ಫೋನ್ ಏರಿಸಿಕೊಂಡು ಕೂತೆ. ಅದೇ ಕಥೆ, ಅದೇ ದನಿ. ಕಥೆ ಮುಗಿಯಿತು. ಈ ಸಲ ಆತ ಏನೂ ಕೇಳಲಿಲ್ಲ. ಕೇಳಿ ಫಲವಿಲ್ಲವೆಂದು ಕಲಿತಿದ್ದನೋ ಏನೋ, ಉಸಿರಷ್ಟೇ ಕೇಳಿಸುತ್ತಿತ್ತು. ಆ ಉಸಿರು ನನ್ನ ಕಿವಿಗೆ ಎಷ್ಟು ಹತ್ತಿರವಿತ್ತೆಂದರೆ, ತಡೆಯುವ ಮೊದಲೇ ಮಾತು ನನ್ನ ಬಾಯಿಂದ ಹೊರಬಿತ್ತು.

“ಮುಗೀತ್ರಿ ಅಜ್ಜಾರ. ಇನ್ನ ಹೋಗ್ರಿ ಮನಿಗಿ.”

ಹೆಡ್‌ಫೋನಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ದೂರವಾಗುತ್ತ ಹೋದ ಹೆಜ್ಜೆಗಳು.

ಆ ಸದ್ದು ಮುದ್ರಿಕೆಯಲ್ಲೇ ಇದೆ. ಮ್ಯಾಡಮ್ಮೂ ಕೇಳಿ ಬರೆದುಕೊಂಡರು. ನಾನು ಬಾಯಿ ಬಿಡದಿದ್ದರೂ ಅದು ಅಲ್ಲಿಯೇ ಇರುತ್ತಿತ್ತೆಂದು ನನಗೆ ಗೊತ್ತು. ಆದರೂ, ಉತ್ತರ ಕೊಡದೆ ಆ ಮುದ್ರಿಕೆಯನ್ನು ಇನ್ನೊಮ್ಮೆ ಹಚ್ಚಿ ಕೇಳುವ ಧೈರ್ಯ ನನಗೆ ಇವತ್ತಿನವರೆಗೆ ಬಂದಿಲ್ಲ.