ಅಜ್ಜಿ ಜೊತೆ ಮಾತಾಡುವ ಹುಡುಗಿ

ಹೆಬ್ಬಾಳದ ಕ್ಲಿನಿಕ್ಕಿನಲ್ಲಿ ನನಗೆ ಕೆಲಸ ಕಲಿಸಿದ ಮನಶ್ಶಾಸ್ತ್ರಜ್ಞೆ, ಯಾವ ರೋಗಿ ಬಂದರೂ ಕನ್ನಡಕವನ್ನು ತಲೆಗೇರಿಸಿ, "ಇದಕ್ಕೆ ಅವ್ರ ಮನೇಲಿ ಏನಂತಾರೆ?" ಎಂದು ಎಲ್ಲರ ಪ್ರಾಣ ತಿನ್ನುತ್ತಿದ್ದರು.

ಒಮ್ಮೆ ಯಲಹಂಕದ ಹಾಸ್ಟೆಲ್ ವಾರ್ಡನ್ ಕೊಲಂಬಿಯಾ ದೇಶದ ವಿದ್ಯಾರ್ಥಿನಿಯೊಬ್ಬಳನ್ನು ಎಳೆತಂದರು. "ಸತ್ತ ಅಜ್ಜಿ ಜೊತೆ ದಿನಾ ಮಾತಾಡ್ತಾಳೆ ಮೇಡಂ. ಹುಚ್ಚು ಅಂತ ಬರ್ಕೊಡಿ, ಊರಿಗೆ ಕಳಿಸ್ಬಿಡ್ತೀವಿ." ನಾವು ಅವಳಿಗೆ ಮಾಡಿದ ಮಾನಸಿಕ ಪರೀಕ್ಷೆಯ ಅಂಕಗಳೂ ವಾರ್ಡನ್ ಪರವಾಗಿಯೇ ಇದ್ದವು.

ಮೇಡಂ ಅಂಕ ಬದಿಗಿಟ್ಟು ಹುಡುಗಿಯನ್ನು ಇಂಗ್ಲಿಷಿನಲ್ಲಿ ವಿಚಾರಿಸಿದರು. ಅವಳ ಮನೆಯಲ್ಲಿ ಎಲ್ಲರೂ ಅಜ್ಜಿಯ ಫೋಟೋ ಜೊತೆ ಮಾತಾಡುತ್ತಾರಂತೆ. ಅಮ್ಮ ಜಗಳವನ್ನೂ ಆಡುತ್ತಾಳಂತೆ. ಇಲ್ಲಿ ಅವಳಿಗೆ ಇನ್ನೂ ಗೆಳತಿಯರಿಲ್ಲವಂತೆ.

"ಅಜ್ಜಿ ಉತ್ತರ ಕೊಡ್ತಾರಾ?"

"ಸತ್ತೋರು ಹೇಗೆ ಉತ್ತರ ಕೊಡ್ತಾರೆ?" ಎಂದ ಹುಡುಗಿ, ಮೇಡಂಗೇ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದಳು.

ಮೇಡಂ ನಕ್ಕು ವಾರ್ಡನ್ ಕಡೆ ತಿರುಗಿದರು. "ಹುಚ್ಚೇನಿಲ್ಲ ಕಣ್ರೀ. ನಿಮ್ಮ ಹಾಸ್ಟೆಲ್‌ನಲ್ಲಿ ಬದುಕಿರೋರು ಯಾರೂ ಅವಳನ್ನ ಮಾತಾಡ್ಸಲ್ಲ, ಅಷ್ಟೇ."